ಹಿತ್ತಲಲ್ಲಿ ಸುಟ್ಟ ಕೌದಿ

ಅರವತ್ಮೂರರ ಬೇಸಿಗೆಯಲ್ಲಿ ಬಿಜ್ಜರಗಿಯ ಗುರುಸಿದ್ದವ್ವನ ಆರು ವರ್ಷದ ಮಗಳು ನೀಲವ್ವ ಮೈಲಿಬೇನೆಯಿಂದ ತೀರಿಕೊಂಡಳು. ಮಣ್ಣು ಮಾಡಿ ಬಂದ ಗಂಡ ಬಸಗೊಂಡಪ್ಪ ಕಟ್ಟೆಯ ಮೇಲೆ ಕೂತವನು ಕತ್ತಲಾದರೂ ಏಳಲಿಲ್ಲ. ಮರುದಿನ ತಿಕೋಟಾದಿಂದ ಮಕ್ಕಳಿಗೆ ದೇವಿ ಹಾಕಲು, ಅಂದರೆ ಮೈಲಿಯ ಲಸಿಕೆ ಚುಚ್ಚಲು, ಬಂದ ಕಂಪೌಂಡರ ಹೊಸ್ತಿಲಾಚೆ ನಿಂತೇ, ಹುಡುಗಿ ಹಾಸಿ ಹೊದ್ದ ಬಟ್ಟೆಯನ್ನೆಲ್ಲ ಸುಟ್ಟುಬಿಡಬೇಕೆಂದು ಹೇಳಿ ಹೋದ.

ಸುಡುವುದಾದರೂ ಎಲ್ಲಿ? ಹಿಂದಿನ ವರ್ಷ ಯಾರದೋ ಮೇವಿನ ಬಣವಿಗೆ ಕಿಡಿ ತಾಗಿ ಒಂದು ಓಣಿಯೇ ಬೂದಿಯಾದ ಮೇಲೆ ಪಂಚಾಯ್ತಿಯವರು ಈ ಸಲ ಬೇಸಿಗೆ ಹತ್ತುತ್ತಲೇ ಡಂಗುರ ಹೊಡೆಸಿದ್ದರು. ಮಳೆ ಬೀಳುವವರೆಗೆ ಯಾರೂ ಹಿತ್ತಲಲ್ಲಿ ಬೆಂಕಿ ಹಾಕಬಾರದು. ಸುಡುವುದಿದ್ದರೆ ಹಳ್ಳದ ಉಸುಕಿನಲ್ಲಿ, ಗಾಳಿ ಏಳುವ ಮುಂಚೆ, ನೀರು ಇಟ್ಟುಕೊಂಡು ಸುಡಬೇಕು. ಬೂದಿ ತಣ್ಣಗಾಗುವ ತನಕ ಬಿಟ್ಟು ಕದಲಬಾರದು. ವಾಲೀಕಾರ ಮರೆಪ್ಪ ಓಣಿ ಓಣಿಗೆ ಹಲಗೆ ಬಡಿದು ಸಾರಿದ್ದನ್ನು ಗುರುಸಿದ್ದವ್ವ ಕಿವಿಯಾರೆ ಕೇಳಿದ್ದಳು.

ಆದರೆ ಹಳ್ಳಕ್ಕೆ ಹೋಗಲು ಇಡೀ ಓಣಿ ದಾಟಬೇಕು. ಹುಡುಗಿ ಮಲಗಿದಂದಿನಿಂದ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಓಣಿ ಅದು. ಬಾವಿಯಲ್ಲಿ ಕೊಡ ಇಳಿಸಲೂ ಬಿಟ್ಟಿರಲಿಲ್ಲ. ನೀರು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದವಳು ಪಕ್ಕದ ಮನೆಯ ಪೀರಾಂಬಿ ಒಬ್ಬಳೇ. ಆಕೆಯ ಮತ್ತು ಗಂಡ ಗೈಬುಸಾಬನ ಬದುಕು ನಡೆದದ್ದು ಒಂದು ಎಮ್ಮೆಯ ಹಾಲಿನ ಮೇಲೆ.

ಸಂಜೆ ಪೀರಾಂಬಿ ಗೋಡೆಯಾಚೆಯಿಂದ ಕರೆದಳು. "ಗುರುಸಿದ್ದವ್ವಾ, ಹಳ್ಳಕ್ಕ ಒಯ್ಯೂಣು ನಡಿ ಬೇ. ನಾನೂ ಬರ್ತೀನಿ."

"ಬ್ಯಾಡ ಯಕ್ಕಾ. ಅವರ ಕಣ್ಣ ಮುಂದ ನನ್ನ ಕೂಸಿನ ಕೌದಿ ಹೊತ್ಕೊಂಡು ಹೋಗಾಂಗಿಲ್ಲ ನಾ. ಹಿತ್ತಲದಾಗ ಸುಡ್ತೀನಿ."

"ನಮ್ಮ ಬಣವಿ ಗ್ವಾಡಿಗೇ ಐತಿ, ನೋಡು."

"ಹೊತ್ತೇರೂದ್ರಾಗ ಮುಗಸ್ತೀನಿ. ನೀರೂ ಇಟ್ಕೋತೀನಿ."

ಬೆಳಗಿನಲ್ಲಿ ಗಾಳಿ ಇರಲಿಲ್ಲ. ಗುರುಸಿದ್ದವ್ವ ಕುಣಿ ತೋಡಿ, ಸುತ್ತ ನೀರು ಚಿಮುಕಿಸಿ, ತುಂಬಿದ ಕೊಡ ಪಕ್ಕದಲ್ಲಿಟ್ಟುಕೊಂಡು ಕಡ್ಡಿ ಗೀರಿದಳು. ಹುಡುಗಿಯ ಪರಕರ, ಅಂಗಿ ಬೇಗ ಉರಿದುಹೋದವು. ಕೌದಿ ಉರಿಯಲಿಲ್ಲ. ಹಳೆಯ ಸೀರೆಗಳನ್ನು ಪದರ ಮೇಲೆ ಪದರ ಇಟ್ಟು ಅವಳೇ ಹೊಲಿದದ್ದು. ಒಳಗೊಳಗೇ ಹೊಗೆಯಾಡುತ್ತ ಬಿದ್ದಿತ್ತು. ಬಿಸಿಲು ಏರಿತು. ಆ ಹೊಗೆಯಲ್ಲಿ ಮಗಳ ಮೈಯ ವಾಸನೆ ಬಂದಂತಾಗಿ ಅವಳಿಗೆ ನಿಲ್ಲಲಾಗಲಿಲ್ಲ. ಒಂದು ಗಳಿಗೆ ಎಂದುಕೊಂಡು ಒಳಗೆ ಹೋಗಿ ಗೋಡೆಗೆ ತಲೆಯಿಟ್ಟಳು. ಅಷ್ಟು ದಿನ ಬಾರದಿದ್ದ ಅಳು ಆಗ ಬಂತು.

ಪೀರಾಂಬಿ ಚೀರಿದ್ದು ಕೇಳಿ ಅವಳು ಹೊರಗೋಡಿದಾಗ ಗಾಳಿ ಎದ್ದಿತ್ತು. ಕೌದಿಯ ಪದರು ಬಿಚ್ಚಿ, ಕೆಂಡವಾದ ಚಿಂದಿಗಳು ಗೋಡೆ ಹಾರುತ್ತಿದ್ದವು. ಆಚೆ ಜೋಳದ ಕಣಕಿಯ ಬಣವಿ ಉರಿಯುತ್ತಿತ್ತು, ಅದಕ್ಕೆ ಹೊಂದಿಕೊಂಡಿದ್ದ ಎಮ್ಮೆಯ ಛಪ್ಪರವೂ. ಅವಳ ಕೊಡದ ನೀರು ಯಾವುದಕ್ಕೂ ಸಾಲಲಿಲ್ಲ. ಬಾಗಿಲು ಹಾಕಿಕೊಂಡಿದ್ದ ಮನೆಗಳಿಂದಲೇ ಜನ ಕೊಡ ಹಿಡಿದು ಓಡಿಬಂದರು. ಎಮ್ಮೆಯ ಕಣ್ಣಿ ಬಿಚ್ಚಲು ಒಳಗೆ ನುಗ್ಗಿದ್ದ ಪೀರಾಂಬಿಯನ್ನು ಗೈಬುಸಾಬ ಎಳೆದು ತರುವಷ್ಟರಲ್ಲಿ ಅವಳ ಎರಡೂ ಕೈ ಬೆಂದಿದ್ದವು. ಎಮ್ಮೆ ಹೊರಗೆ ಬರಲಿಲ್ಲ. ಅದರ ಒರಲು ನಿಂತ ಮೇಲೂ ಬಸಗೊಂಡಪ್ಪ ಮಣ್ಣು ಎರಚುತ್ತಲೇ ಇದ್ದ.

ಪಂಚಾಯ್ತಿಯವರು ಕೇಳಿದಾಗ ಗುರುಸಿದ್ದವ್ವ, "ನಾನ ಹಚ್ಚೀನ್ರಿ. ಡಂಗುರಾನೂ ಕೇಳಿದ್ನಿರಿ" ಎಂದಳು. ಕೂಸು ಕಳೆದುಕೊಂಡವಳೆಂದು ಅವರು ದಂಡ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಬಸಗೊಂಡಪ್ಪ ತಮ್ಮ ಆಕಳನ್ನು ಒಯ್ದು ಗೈಬುಸಾಬನ ಅಂಗಳದಲ್ಲಿ ಕಟ್ಟಿ ಬಂದ.

ಪೀರಾಂಬಿ ವಿಜಾಪುರದ ದವಾಖಾನೆಯಿಂದ ಮರಳಿದಾಗ ಅವಳ ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಗುರುಸಿದ್ದವ್ವ ದಿನಾಲೂ ಹೋಗಿ ರೊಟ್ಟಿ ಬಡಿದು, ಮುರಿದು ಬಾಯಿಗಿಡುತ್ತಿದ್ದಳು. ಪೀರಾಂಬಿ ಕಣ್ಣು ತಗ್ಗಿಸಿಕೊಂಡೇ ತಿನ್ನುತ್ತಿದ್ದಳು.

"ಬೈಯಿ ಯಕ್ಕಾ. ಒಂದ ಮಾತರ ಬೈಯಿ" ಎಂದಳು ಗುರುಸಿದ್ದವ್ವ ಒಂದು ದಿನ.

"ಬೈದ್ರ ಕೈ ಬರ್ತಾವೇನ ಬೇ?" ಎಂದು ಪೀರಾಂಬಿ ಮುಖ ತಿರುಗಿಸಿದಳು.

ಮಳೆಗಾಲದ ಹೊತ್ತಿಗೆ ಗೈಬುಸಾಬ ಆಕಳನ್ನು ತಿರುಗಿ ಹೊಡೆದುಕೊಂಡು ಬಂದು ಬಿಟ್ಟ. ಅವನಿಗೆ ವಿಜಾಪುರದ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲಿ ಸಿಕ್ಕಿತ್ತು. ಊರು ಬಿಡಲು ಅವರು ಬಂಡಿ ಹೂಡಿದಾಗ ಗುರುಸಿದ್ದವ್ವ ರೊಟ್ಟಿಯ ಗಂಟನ್ನು ಪೀರಾಂಬಿಯ ಮಡಿಲಲ್ಲಿ ಇಟ್ಟಳು. ಹಿಡಿಯಲು ಬಾರದೆ ಪೀರಾಂಬಿ ಅದನ್ನು ಎರಡೂ ಮುಂಗೈಗಳಿಂದ ಎದೆಗೆ ಒತ್ತಿಕೊಂಡಳು. ಬಂಡಿ ಓಣಿ ದಾಟಿ ತಿಕೋಟಾದ ದಾರಿ ಹಿಡಿಯಿತು.