ಅಣ್ಣ ಹಾಕಿದ ಗಂಟು

ದಡಕ್ಕೆ ಬಂದಮೇಲೆ ಹಾಯಿ ಮಡಚಿ ಕಟ್ಟುವುದು ಅಣ್ಣನ ಕೆಲಸವಾಗಿತ್ತು. ಅವನ ಗಂಟನ್ನು ಅವನೇ ಬಿಚ್ಚಬೇಕು. "ಮನುಷ್ಯರು ಬಿಚ್ಚೋ ಹಾಗೆ ಕಟ್ಟೋ!" ಎಂದು ಅಪ್ಪ ಪ್ರತಿ ಸಲವೂ ರೇಗುತ್ತಿದ್ದರು. ಗಾಳಿ ಇದ್ದೂ ಎಂಜಿನ್ ಹಾಕುವವರನ್ನು ಕಂಡರಂತೂ ಅವರಿಗೆ ಆಗುತ್ತಲೇ ಇರಲಿಲ್ಲ.

ಅಣ್ಣ ತೀರಿಕೊಂಡ ಮೇಲೆ ಮೊದಲ ಬಾರಿಗೆ ನಾನೂ ಅಪ್ಪನೂ ದೋಣಿ ಹೊರಡಿಸಿದೆವು. ಬಂದರು ದಾಟುತ್ತಲೇ ಒಳ್ಳೆಯ ಗಾಳಿ ಬೀಸಿತು. ಹೋದ ಸಲ ಅವನು ಬಿಗಿದಿದ್ದ ಗಂಟಿನ ಜೊತೆ ಗುದ್ದಾಡಿ ನನ್ನ ಉಗುರೇ ಕಿತ್ತುಬಂತು.

"ಅಪ್ಪಾ, ಇದು ಈ ಜನ್ಮದಲ್ಲಿ ಬಿಚ್ಚಲ್ಲ. ಕತ್ತರಿಸ್ತೀನಿ," ಎಂದು ಚಾಕು ತೆಗೆದೆ.

ಅಪ್ಪ ಬಂದು ನನ್ನ ಕೈ ಹಿಡಿದುಕೊಂಡರು. "ಇರ್ಲಿ ಬಿಡಮ್ಮ."

ಚುಕ್ಕಾಣಿಗೆ ಮರಳಿ ಎಂಜಿನ್ ಹಾಕಿದರು. ಅಷ್ಟು ಒಳ್ಳೆಯ ಗಾಳಿಯಲ್ಲಿ ದಿನವೆಲ್ಲ ಡೀಸೆಲ್ ಹೊಗೆ ಕುಡಿಯುತ್ತಾ ಹೋದೆವು.