ಆರು ಗುಂಡಿಗೂ ಕುಂಕುಮ

ನಾನು ಹುಟ್ಟಿದ್ದು ಬೇಸಿಗೆಯ ಒಂದು ನಡುಮಧ್ಯಾಹ್ನ. ಕಾರ್ಖಾನೆಯಲ್ಲಿ ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ. ಉಕ್ಕಿನ ಕಂಬಿಯಿಂದ ನನ್ನನ್ನು ತುಂಡರಿಸಿ, ಅದುಮಿ ಗುಂಡಗೆ ಮಾಡಿ, ಬೆಂಕಿಯಲ್ಲಿ ಕೆಂಪಾಗಿಸಿ, ಎಣ್ಣೆಯಲ್ಲಿ ಅದ್ದಿದರು. ಹುಟ್ಟಿದ ದಿನವೇ ಇಷ್ಟು ಕಂಡ ಮೇಲೆ ಇನ್ನು ಯಾವುದಕ್ಕೂ ಬೆಚ್ಚಬೇಕಾಗಿಲ್ಲ ಎಂದುಕೊಂಡೆ. ತಪ್ಪು ತಿಳಿದಿದ್ದೆ.

ನಾನು ಗೋಲಿಯಷ್ಟು ದಪ್ಪದ ಒಂದು ಉಕ್ಕಿನ ಗುಂಡು. ಕಾರಿನ ಮುಂದಿನ ಚಕ್ರದ ಹಿಂದೆ, ಎಕ್ಸೆಲ್ಲಿನ ತುದಿಯಲ್ಲಿರುವ ಜಾಯಿಂಟಿನೊಳಗೆ ನಾವು ಆರು ಜನ. ಚಕ್ರ ಎತ್ತ ತಿರುಗಿದರೂ ಇಂಜಿನ್ನಿನ ಬಲ ನಮ್ಮ ಮೈಮೇಲೆ ಹಾದೇ ಅದಕ್ಕೆ ಮುಟ್ಟಬೇಕು. ಮೇಲೆ ರಬ್ಬರಿನ ಮುಸುಕು, ಒಳಗೆ ಗ್ರೀಸಿನ ಕತ್ತಲೆ. ಕಣ್ಣಿಗೆ ಏನೂ ಇಲ್ಲ, ಕಿವಿಗೆ ಎಲ್ಲ ಇದೆ. ಯಜಮಾನರನ್ನು ನಾವು ಕಾಲಿನಿಂದ ಗುರುತಿಸುತ್ತೇವೆ. ಮೊದಲಿನವರು ಒಬ್ಬ ಮಾಸ್ತರರು. ಕೂಸನ್ನು ಇಳಿಸಿದ ಹಾಗೆ ಬ್ರೇಕು ಒತ್ತುತ್ತಿದ್ದರು. ಎರಡನೆಯವನ ಕಾಲು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂರನೆಯವನು ಡಂಬಳದ ಮೈಲಾರಪ್ಪ, ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹಳೆಯ ಕಾರು ಕೊಂಡದ್ದು ತಂಗಿ ನಿಂಬೆವ್ವನಿಗಾಗಿ. ಆಕೆಯ ಎರಡೂ ಕಿಡ್ನಿ ಕೆಟ್ಟಿದ್ದವು. ಸೋಮವಾರ, ಗುರುವಾರ ಗದಗಿನ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕು. ಒಂದು ಸರದಿ ತಪ್ಪಿದರೆ ಮೈ ಊದಿ ಉಸಿರು ಕಟ್ಟುತ್ತಿತ್ತು.

ಒಂದು ಶನಿವಾರ ನಮ್ಮ ರಬ್ಬರು ಹರಿದದ್ದು ಗೊತ್ತಾಯಿತು. ಒಳಗೆ ಮರಳು ಸೇರಿ, ಗಾಡಿ ತಿರುಗಿದಾಗೆಲ್ಲ ನಾವು ಕಟಕಟ ಎನ್ನುತ್ತಿದ್ದೆವು. ಗ್ಯಾರೇಜಿನವನು ನಾಲ್ಕು ದಿನ ಬಿಟ್ಟು ಬಾ ಎಂದ.

“ಹೊಲಿಗಿ ಮಿಷನ್ನಿನ ಹೊಟ್ಟಿ ಬಿಚ್ಚಾಂವ ನಾನು. ಇದೇನ್ ದೊಡ್ಡದು?” ಎಂದ ಮೈಲಾರಪ್ಪ, ಭಾನುವಾರ ಬೆಳಿಗ್ಗೆ ಅಂಗಳದಲ್ಲೇ ಜಾಕು ಹಚ್ಚಿದ. ಸುತ್ತಿಗೆಯ ಪೆಟ್ಟಿಗೆ ‘ಟಕ್’ ಎಂದು, ಎಕ್ಸೆಲ್ಲು ಜಾರದಂತೆ ಹಿಡಿದಿದ್ದ ಒಳಗಿನ ಲಾಕು ಬಿಟ್ಟು ಜಾಯಿಂಟು ಕೈಗೆ ಬಂತು. ಒಬ್ಬೊಬ್ಬರನ್ನಾಗಿ ನಮ್ಮನ್ನು ಹೊರಗೆ ತೆಗೆದ. ಹದಿನಾರು ವರ್ಷದ ಮೇಲೆ ಬಿಸಿಲು! ನನಗೆ ದಿಕ್ಕೇ ತೋಚಲಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆದು ನಮ್ಮನ್ನು ಮೊರದಲ್ಲಿ ಹರಡಿದ. ನಮ್ಮ ನಡುವೆ ಒಂದು ಉಂಗುರವಿದೆ. ಅದರ ಹೊರಮುಖ ಹೊರಗೇ ಬರಬೇಕು. ತಿರುವಿ ಇಟ್ಟರೆ ಲಾಕು ಹಿಡಿಯುವುದಿಲ್ಲ. ಗುರುತಿಗೆಂದು ಸೀಮೆಸುಣ್ಣ ಹಚ್ಚಿದ, ಎಣ್ಣೆಯ ಮೇಲೆ ನಿಲ್ಲಲಿಲ್ಲ. ದೇವರ ಜಗುಲಿಯಿಂದ ಕುಂಕುಮ ತಂದು ಹೊರಮುಖಕ್ಕೆ ಒಂದು ಬೊಟ್ಟು ಇಟ್ಟು, ಹೊಸ ರಬ್ಬರು ತರಲು ಹೋದ.

ಅಂದು ಅಮಾವಾಸ್ಯೆ. ಅವನ ತಾಯಿ ದ್ಯಾಮವ್ವ ಅಂಗಳಕ್ಕೆ ಬಂದಳು.

“ಅಯ್ಯ, ಅಮಾಸಿ ದಿನ ಒಂದಕ್ಕಷ್ಟ ಹಚ್ಚಿ ಹೋಗ್ಯಾನ ನೋಡ. ಉಳಿದವೇನು ಮಲಮಕ್ಕಳಾ?”

ಉಂಗುರವನ್ನು ಎತ್ತಿ ಬೊಟ್ಟಿಲ್ಲದ ಆ ಕಡೆಗೂ ಹಚ್ಚಿದಳು, ಹಾಗೇ ಮಗುಚಿ ಇಟ್ಟಳು. ಆಮೇಲೆ ನಮಗೆ ಆರೂ ಜನಕ್ಕೆ. ಗಂಡ ಹೋದ ಮೇಲೆ ತನ್ನ ಹಣೆಗೆ ಕುಂಕುಮ ಮುಟ್ಟಿಸದ ಮುದುಕಿ. ಗುಂಡಾದ ನನಗೆ ಹಣೆ ಎಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ, ಆಕೆಗೆ ಸಿಕ್ಕಿತು.

ಮೈಲಾರಪ್ಪ ಬಂದು, “ಅವ್ವನ ಪೂಜಿ ಆಗೇತಿ” ಎಂದು ನಗುತ್ತ ನಮ್ಮನ್ನು ಒರೆಸಿದ. ಉಂಗುರದ ಮೇಲೆ ಕಂಡ ಬೊಟ್ಟು ತನ್ನದೇ ಎಂದುಕೊಂಡ. ಅವನು ಅದನ್ನು ತಿರುಗುಮುರುಗಾಗಿ ಕೂರಿಸುವುದನ್ನು ನೋಡಿ ನಾನು ತಣ್ಣಗಾಗಿಹೋದೆ. ಬಾಯಿ ಇಲ್ಲದವನು ಏನು ಮಾಡಲಿ? ಗ್ರೀಸು ತುಂಬಿ ಎಕ್ಸೆಲ್ಲಿಗೆ ಹೊಡೆದು ಕೂರಿಸಿದ.

ಹೊಸ್ತಿಲ ಮೇಲೆ ಕೂತಿದ್ದ ನಿಂಬೆವ್ವ ಕೇಳಿದಳು: “ಅಣ್ಣಾ, ಬಿಚ್ಚುವಾಗ ಟಕ್ ಅಂದಿತ್ತು. ಈಗ ಅನ್ನಲಿಲ್ಲಲ್ಲ?”

“ಗ್ರೀಸ್ ಸಪ್ಪಳ ನುಂಗೇತಿ. ನೀ ಸುಮ್ನ ಕುಂಡ್ರು.”

ಸೋಮವಾರ ಬೆಳಿಗ್ಗೆ ನಿಂಬೆವ್ವನನ್ನು ಕೂರಿಸಿಕೊಂಡು ಗಾಡಿ ಹೊರಟಿತು. ಓಣಿಯ ತಿರುವಿನಲ್ಲೇ ಎಕ್ಸೆಲ್ಲು ನಮ್ಮ ನಡುವಿನಿಂದ ಜಾರಿಹೋಯಿತು. ಇಂಜಿನ್ನು ಚೀರಿತು, ಗಾಡಿ ಕದಲಲಿಲ್ಲ. ಮೈಲಾರಪ್ಪ ಕೆಳಗೆ ಬಗ್ಗಿ ನೋಡಿ ಧೂಳಿನಲ್ಲೇ ಕುಸಿದು ಕೂತ.

“ಗುರ್ತು ಮಾಡಿದ್ದೆನಲ್ಲೋ! ಕುಂಕುಮ ಹಚ್ಚಿದ್ದೆನಲ್ಲೋ!”

ಓಡಿಬಂದ ದ್ಯಾಮವ್ವನ ದನಿ ಸಣ್ಣಗಾಯಿತು. “ನಾನೂ ಹಚ್ಚೀನಪ್ಪ... ಆ ಕಡಿಗೆ.”

ಹಾಲಿನ ಟೆಂಪೊ ನಿಲ್ಲಿಸಿ, ಕ್ಯಾನುಗಳ ನಡುವೆ ನಿಂಬೆವ್ವನನ್ನು ಕೂರಿಸಿದರು. ಅಲ್ಲಿಂದಲೇ ಆಕೆ ಕೂಗಿದಳು: “ಅವ್ವಾ, ಹಳ್ಳದ ಸೇತುವಿ ಮ್ಯಾಲ ಬಿಚ್ಚಿದ್ದರ ಏನ್ ಗತಿ? ಮನಿ ಮುಂದ ನಿಲ್ಲಿಸಿದಿ, ಅಷ್ಟ ತಿಳಕೋ!”

ದ್ಯಾಮವ್ವ ಹಾಗೆ ತಿಳಿಯಲಿಲ್ಲ. ಮಧ್ಯಾಹ್ನ ಮೈಲಾರಪ್ಪ ಉಂಗುರ ತಿರುವಿ ಹಾಕಿ ‘ಟಕ್’ ಅನ್ನಿಸಿದ. ನಿಂಬೆವ್ವ ಸಂಜೆಗೆ ಸುಖವಾಗಿ ಬಂದಳು. ಆದರೆ ಮುದುಕಿ ಮಾತ್ರ ಕುಂಕುಮದ ಬಟ್ಟಲು ಮುಟ್ಟುವುದನ್ನೇ ಬಿಟ್ಟಳು. ಗಾಡಿ ಹೊರಡುವಾಗೆಲ್ಲ ನನಗೆ ಮಗಳು ತಾಯಿಯರ ಇದೇ ಮಾತು ಕೇಳಿಸುತ್ತಿತ್ತು.

“ಕೈ ಹಿಂದ್ಯಾಕ ಕಟ್ಟಿ ನಿಂತೀದಿ? ಬಾರವ್ವ, ಗಾಡಿಗೆ ಹಚ್ಚು.”

“ಬ್ಯಾಡವ್ವ. ನನ್ನ ಕೈ ಛಲೋ ಅಲ್ಲ.”

ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಆ ಮಾತು ಕೇಳಿಸಲಿಲ್ಲ, ಅಳು ಕೇಳಿಸಿತು. ದ್ಯಾಮವ್ವ ಹಾಸಿಗೆಯಿಂದ ಎದ್ದಿರಲಿಲ್ಲ. ಹಿಂದಿನ ದಿನ ರೊಟ್ಟಿ ಬಡಿದಿದ್ದಳಂತೆ.

“ಇವತ್ತೊಂದಿನ ಆಸ್ಪತ್ರಿ ಬ್ಯಾಡವ್ವ” ಎಂದರು ಯಾರೋ.

“ಅವ್ವ ಇದ್ದಿದ್ದರ ಬಿಡ್ತಿದ್ದಳೇನು?” ಎಂದ ಮೈಲಾರಪ್ಪ. ಮಣ್ಣು ಮಾಡುವುದನ್ನು ಸಂಜೆಗೆ ಇಟ್ಟುಕೊಂಡರು. ಹತ್ತುವ ಮುಂಚೆ ನಿಂಬೆವ್ವ ತಾನೇ ಬಗ್ಗಿ ನಮ್ಮ ಚಕ್ರಕ್ಕೆ ಕುಂಕುಮ ಹಚ್ಚಿದಳು. ಆಕೆಯ ಏದುಸಿರು ನನ್ನ ಪಕ್ಕದಲ್ಲೇ ಕೇಳಿತು. ಗದಗಿನವರೆಗೆ ಆರು ಜನವೂ ಸದ್ದು ಮಾಡದೆ ಹೊರಳಿದೆವು.

ಈಗ ಗಾಡಿ ಗುಜರಿಗೆ ಹೋಗಿದೆ. ನನ್ನೊಬ್ಬನನ್ನು ಮೈಲಾರಪ್ಪ ಹೊಲಿಗೆ ಯಂತ್ರದ ಡಬ್ಬಿಯಲ್ಲಿ, ದಾರದುಂಡೆಗಳ ನಡುವೆ ಇಟ್ಟುಕೊಂಡಿದ್ದಾನೆ. ಹೊಸ ಗಾಡಿಯಲ್ಲಿ ನಿಂಬೆವ್ವ ಇನ್ನೂ ಹೋಗಿ ಬರುತ್ತಾಳೆ. ನನಗೆ ತಾರೀಖು ತಿಳಿಯದು. ವಾರಗಳಲ್ಲಿ ನಾನು ಲೆಕ್ಕ ಇಟ್ಟದ್ದು ದುಡಿದ ಸೋಮವಾರ, ಗುರುವಾರ ಎರಡನ್ನೇ. ಎಲ್ಲರೂ ಹೆದರಿದ್ದು ನಿಂಬೆವ್ವನಿಗಾಗಿ. ಹೋದವಳು ದ್ಯಾಮವ್ವ. ಅಂದು ಗುರುವಾರ.