ವಾರ್ಡಿಗೆ ಹೆಣೆದ ಟೋಪಿಗಳು

ಶಾಲೆಯಲ್ಲಿ ಎಲ್ಲರೂ ಅವರನ್ನು ಹೊಲಿಗೆ ಟೀಚರ್ ಎಂದೇ ಕರೆಯುತ್ತಿದ್ದರು. ವಾರಕ್ಕೆ ಎರಡು ದಿನ, ಕೊನೆಯ ಗಂಟೆ ಹೊಡೆದ ಮೇಲೆ, ಮಹಡಿಯ ಮೂಲೆಯ ಕೋಣೆಯಲ್ಲಿ ಅವರು ಹೆಣಿಗೆ ಕ್ಲಬ್ ನಡೆಸುತ್ತಿದ್ದರು. ಹನ್ನೊಂದು ಹುಡುಗಿಯರು, ಎರಡು ಉದ್ದನೆಯ ಬೆಂಚು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಊರಿನ ಮಕ್ಕಳ ಆಸ್ಪತ್ರೆಯಲ್ಲಿ ದೊಡ್ಡ ಕಾಯಿಲೆಯ ವಾರ್ಡೊಂದಿತ್ತು. ಔಷಧಿಯ ದೆಸೆಯಿಂದ ಅಲ್ಲಿನ ಮಕ್ಕಳ ಕೂದಲೆಲ್ಲ ಉದುರಿಹೋಗುತ್ತಿತ್ತು. ಆ ಬೋಳು ತಲೆಗಳಿಗೆ ಕ್ಲಬ್ಬಿನವರು ಉಲ್ಲನ್ ಟೋಪಿ ಹೆಣೆಯುತ್ತಿದ್ದರು. “ನಮ್ಮ ಕೆಲಸ ಏನು ಗೊತ್ತಾ? ಊರಿಗೆಲ್ಲ ಟೋಪಿ ಹಾಕೋದು!” ಎಂದು ಹುಡುಗಿಯರು ಪಕ್ಕದ ತರಗತಿಯವರ ಮುಂದೆ ಹೇಳಿ ಬಿದ್ದು ಬಿದ್ದು ನಗುತ್ತಿದ್ದರು.

ಏಳನೆಯ ತರಗತಿಯ ಸಾಸಿವೆ ಆ ವರ್ಷ ಹೊಸದಾಗಿ ಸೇರಿದವಳು. ಆಳು ಪುಟ್ಟದು, ಮಾತು ಚಟಪಟ. ಅದಕ್ಕೇ ಆ ಹೆಸರು ಬಿದ್ದಿತ್ತು. ಆದರೆ ಕ್ಲಬ್ಬಿಗೆ ಬರುವ ಹೊತ್ತಿಗೆ ಆ ಚಟಪಟ ನಿಂತು ಐದು ತಿಂಗಳಾಗಿತ್ತು. ಅವಳ ತಂಗಿ, ಆರು ವರ್ಷದವಳು, ಅದೇ ವಾರ್ಡಿನಲ್ಲಿ ತೀರಿಕೊಂಡಿದ್ದಳು.

“ಮಿಸ್, ಆರು ವರ್ಷದ ತಲೆಗೆ ಎಷ್ಟು ಕುಣಿಕೆ ಹಾಕ್ಬೇಕು?” ಎಂದು ಮೊದಲ ದಿನವೇ ಕೇಳಿದಳು.

“ಎಂಬತ್ತು ಹಾಕು, ಸಾಕಾಗುತ್ತೆ.”

“ತಲೆ ತಣ್ಣಗಾಗುತ್ತೆ ಅಂತಿದ್ಲು ನನ್ನ ತಂಗಿ. ಅಮ್ಮ ಅಂಗೈ ಇಟ್ಕೊಂಡೇ ಕೂತಿರ್ತಿದ್ರು. ಊಟಕ್ಕೂ ಏಳ್ತಿರಲಿಲ್ಲ.”

ಟೀಚರ್ ಅವಳ ಕಡ್ಡಿಯ ಮೇಲೆ ಮೊದಲ ಸಾಲನ್ನು ತಾವೇ ಹಾಕಿಕೊಟ್ಟರು.

ಸಾಸಿವೆಯ ಮೊದಲ ಟೋಪಿ ಬುಟ್ಟಿಯ ಹಾಗಿತ್ತು. ಎರಡನೆಯದರಲ್ಲಿ ಮೂರು ಕಡೆ ಕುಣಿಕೆ ಜಾರಿತ್ತು. ಮೂರನೆಯದನ್ನು ನಾಲ್ಕು ಸಲ ಬಿಚ್ಚಿ ಐದನೆಯ ಸಲಕ್ಕೆ ಮುಗಿಸಿದಳು. ಹಳದಿ ಬಣ್ಣದ್ದು, ಒಂದೇ ಒಂದು ತಪ್ಪಿಲ್ಲ. ಅದಕ್ಕೆ ಪಿನ್ನಿನಿಂದ ಒಂದು ಚೀಟಿ ಚುಚ್ಚಿದಳು: “ತಲೆಗೆ ಸರಿಯಾಯ್ತಾ? ಚುಚ್ಚುತ್ತಾ? ಚುಚ್ಚಿದರೆ ಹೇಳು, ಮೆತ್ತಗಿನ ದಾರದಲ್ಲಿ ಇನ್ನೊಂದು ಹಾಕಿಕೊಡ್ತೀನಿ.” ಕೆಳಗೆ ಶಾಲೆಯ ವಿಳಾಸ.

ಅಲ್ಲಿಂದ ಮುಂದೆ ಪ್ರತಿ ಕ್ಲಬ್ಬಿನ ದಿನವೂ ಅದೇ ಪ್ರಶ್ನೆ. “ಉತ್ತರ ಬಂತಾ ಮಿಸ್?”

ಆರು ವಾರ ಕಳೆಯಿತು. ಒಂದು ಶನಿವಾರ ಟೀಚರ್ ತಾವೇ ಆಸ್ಪತ್ರೆಗೆ ಹೋದರು. ದಾನದ ವಸ್ತುಗಳನ್ನು ತೆಗೆದುಕೊಳ್ಳುವ ಗುಮಾಸ್ತ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಚೀಟಿಯ ವಿಷಯ ಕೇಳಿದ್ದೇ ತಡ, ಅವನ ಮುಖ ಇಳಿದುಹೋಯಿತು. ಕೊನೆಗೆ ಬೀಗದ ಕೈ ತೆಗೆದುಕೊಂಡು ಮೆಟ್ಟಿಲ ಕೆಳಗಿನ ಉಗ್ರಾಣದ ಬಾಗಿಲು ತೆರೆದ.

ಟೀಚರ್ ತಮ್ಮ ಕೈಬರಹವನ್ನು ತಾವೇ ಓದಿದರು. ಶಾಲೆಯ ಹೆಸರಿನ ಚೀಟಿ ಅಂಟಿಸಿದ ಚೀಲಗಳು, ಒಂದರ ಮೇಲೊಂದು. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. ಗೋಡೆಯಿಂದ ನೀರು ಜಿನುಗಿ ಕೆಳಗಿನ ಚೀಲಗಳು ಕಪ್ಪಗೆ ಬೂಷ್ಟು ಹಿಡಿದಿದ್ದವು. ಇಲಿ ಕಡಿದ ಒಂದು ಚೀಲದಿಂದ ಕೆಂಪು ದಾರ ಹೊರಬಂದಿತ್ತು.

“ಉಲ್ಲನ್ನು ವಾರ್ಡಿಗೆ ಬಿಡಲ್ಲ ಮೇಡಂ. ಸೋಂಕು ತಗಲುತ್ತೆ ಅಂತ ಮೂರು ವರ್ಷದ ಹಿಂದೇನೇ ನಿಯಮ ಆಯ್ತು.”

“ಮತ್ತೆ ಯಾಕಪ್ಪಾ ತಗೊಂಡ್ರಿ?”

“ಮೊದಲನೇ ಸಲ ನಿಮ್ಮ ಮಕ್ಕಳೇ ಹೊತ್ಕೊಂಡು ಬಂದಿದ್ರಲ್ಲ. ಆ ಮುಖಗಳನ್ನ ನೋಡಿ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಒಂದು ಸಲ ತಗೊಂಡ ಮೇಲೆ ಎರಡನೇ ಸಲ ಹೇಗೆ ಹೇಳೋದು?”

ಬೈಯಬೇಕೆಂದು ಟೀಚರ್ ಬಾಯಿ ತೆರೆದರು. ಗುಮಾಸ್ತ ತಲೆ ತಗ್ಗಿಸಿ, ಹೊರಬಂದಿದ್ದ ಕೆಂಪು ದಾರವನ್ನು ಮತ್ತೆ ಚೀಲದೊಳಗೆ ತುರುಕುತ್ತಿದ್ದ. ಅವರು ಹಾಗೇ ಬಂದುಬಿಟ್ಟರು.

ಸೋಮವಾರ ಬೆಳಿಗ್ಗೆ ಹೆಡ್‌ಮಿಸ್ಸಿಗೆ ವಿಷಯ ತಿಳಿಸಿದರು. “ಸದ್ಯಕ್ಕೆ ಯಾರಿಗೂ ಹೇಳ್ಬೇಡಿ. ಬೇರೆ ಎಲ್ಲಾದ್ರೂ ಕೊಡೋಣ, ನೋಡೋಣ” ಎಂದು ಹೆಡ್‌ಮಿಸ್ಸು ಫೈಲಿನತ್ತ ಕಣ್ಣು ತಿರುಗಿಸಿದರು. ಟೀಚರ್ ಮಾತ್ರ ಸಂಜೆ ಮಕ್ಕಳಿಗೆ ಹೇಳಿಯೇಬಿಡಬೇಕೆಂದು ಗಟ್ಟಿಮನಸ್ಸು ಮಾಡಿದ್ದರು. ಹೇಗೆ ಶುರುಮಾಡುವುದು ಎಂಬ ಮೊದಲ ವಾಕ್ಯವನ್ನೂ ಹೊಂದಿಸಿಕೊಂಡಿದ್ದರು.

ಸಾಸಿವೆ ಮೆಟ್ಟಿಲ ಮೇಲೇ ಕಾಯುತ್ತಿದ್ದಳು. “ಬಂತಾ ಮಿಸ್?”

“ಬಂತು ಕಣೇ” ಎಂದರು ಟೀಚರ್. ಹೇಗೆ ಬಾಯಿಗೆ ಬಂತೋ ಅವರಿಗೇ ತಿಳಿಯಲಿಲ್ಲ. “ಮನೇಲಿ ಬಿಟ್ಟು ಬಂದೆ. ಮುಂದಿನ ಸಲ ತರ್ತೀನಿ.”

ಆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ, ಎಡಗೈಯಲ್ಲಿ ಪೆನ್ಸಿಲು ಹಿಡಿದು ಅವರು ಬರೆದರು: “ಅಕ್ಕಾ, ಟೋಪಿ ಸರಿಯಾಗಿದೆ. ಚುಚ್ಚಲ್ಲ. ತಲೆ ಬೆಚ್ಚಗಿದೆ.” ಮೂರು ಹಾಳೆ ಹರಿದ ಮೇಲೆ ಮಗುವಿನ ಬರಹದ ಹಾಗೆ ಬಂತು.

ಸಾಸಿವೆ ಅದನ್ನು ನಿಂತಲ್ಲೇ ಮೂರು ಸಲ ಓದಿದಳು. ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿದಳು. ಆಮೇಲೆ ಅವಳ ಬಾಯಿಗೆ ಬಿಡುವೇ ಇಲ್ಲ. ಅದು ಹುಡುಗನಾ ಹುಡುಗಿಯಾ, ಹಲ್ಲು ಬಿದ್ದಿರಬಹುದಾ, ಬರೆಯುವಾಗ ಯಾರು ಹಾಳೆ ಹಿಡಿದುಕೊಂಡಿರಬಹುದು ಎಂದು ಬೆಂಚಿನ ಈ ತುದಿಯಿಂದ ಆ ತುದಿಯವರೆಗೂ ಹರಟಿದಳು. ಟೀಚರ್ ಬೀರುವಿನ ಕಡೆ ತಿರುಗಿ, ಜೋಡಿಸಿದ್ದ ದಾರದ ಉಂಡೆಗಳನ್ನೇ ಮತ್ತೆ ಜೋಡಿಸುತ್ತ ನಿಂತರು.

ಹತ್ತು ದಿನದ ಮೇಲೆ ಸಾಸಿವೆಯ ತಾಯಿ ಬಂದರು. ಮೊದಲು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು. ಚಿಕ್ಕ ಮಗಳು ಹೋದ ಮೇಲೆ ಕೆಲಸ ಬಿಟ್ಟು, ಹಾಸಿಗೆ ಹಿಡಿದವರ ಹಾಗೆ ಮನೆಯಲ್ಲೇ ಉಳಿದಿದ್ದರು. ಬಾಗಿಲಲ್ಲೇ ನಿಂತು, “ಇವಳು ಓದಿ ಹೇಳಿದ್ಲು. ಬೆಚ್ಚಗಿದೆ ಅಂತ ಬರೆದಿದೆಯಂತಲ್ಲ, ಆ ಮಗು. ನಂಗೂ ಕಲಿಸ್ತೀರಾ?” ಎಂದರು.

ಟೀಚರ್ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

ತಾಯಿಯ ಕೈ ಬೇಗ ಪಳಗಿತು. ನಾಲ್ಕು ವಾರ ಒಂದು ದಿನವೂ ತಪ್ಪಿಸಲಿಲ್ಲ. ಮಗಳು ತಪ್ಪು ಹುಡುಕಿದರೆ, “ಬಂದ್ಬಿಟ್ಳು ದೊಡ್ಡ ಇನ್ಸ್‌ಪೆಕ್ಟರು” ಎಂದು ನಗುವಷ್ಟಾದರು. ಇವತ್ತು ಹೇಳುತ್ತೇನೆ ಎಂದುಕೊಂಡು ಟೀಚರ್ ಪ್ರತಿ ಸಲವೂ ಮೆಟ್ಟಿಲು ಹತ್ತುತ್ತಿದ್ದರು; ಹೇಳದೆ ಇಳಿಯುತ್ತಿದ್ದರು. ಸಾಸಿವೆ ಇನ್ನೊಂದು ಚೀಟಿ ಕೊಟ್ಟಳು. ಟೀಚರ್ ಇನ್ನೊಂದು ಉತ್ತರ ಬರೆದರು.

ತಾಯಿ ಹೆಣೆಯುತ್ತಿದ್ದ ಟೋಪಿ ಮುಗಿದಾಗ ಅವರು ಅದನ್ನು ಕ್ಲಬ್ಬಿನ ಚೀಲಕ್ಕೆ ಹಾಕಲಿಲ್ಲ. ಆ ಮಗುವಿನ ಕೈಗೇ ಕೊಡಬೇಕೆಂದು, ಯಾರಿಗೂ ಹೇಳದೆ, ಮತ್ತೆಂದೂ ಕಾಲಿಡುವುದಿಲ್ಲ ಎಂದುಕೊಂಡಿದ್ದ ಆಸ್ಪತ್ರೆಗೆ ಒಬ್ಬರೇ ಹೋದರು. ವಾರ್ಡಿನ ಸಿಸ್ಟರ್‌ಗೆ ಅವರ ಗುರುತಿತ್ತು. ಕೈಹಿಡಿದು ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮರುದಿನ ಬೆಳಿಗ್ಗೆ, ಶಾಲೆ ಶುರುವಾಗುವ ಮೊದಲೇ, ತಾಯಿ ಕ್ಲಬ್ಬಿನ ಕೋಣೆಗೆ ಬಂದರು. ಎರಡೂ ಚೀಟಿಗಳನ್ನು ಬೆಂಚಿನ ಮೇಲಿಟ್ಟರು.

“ಇದನ್ನ ಬರೆದದ್ದು ನೀವಾ?”

“ಹೌದಮ್ಮಾ.”

“ಯಾಕೆ?”

“ಅವಳ ಮುಖ ನೋಡೋಕಾಗಲಿಲ್ಲ. ತಪ್ಪಾಯ್ತು. ಹೇಳ್ಬೇಕು ಹೇಳ್ಬೇಕು ಅಂತಲೇ…”

ತಾಯಿ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಮೆಲ್ಲಗೆ ಹೇಳಿದರು: “ಅಲ್ಲಿ ಡಾಕ್ಟರೂ ಹೀಗೇ ಮಾಡಿದ್ರು. ಒಳ್ಳೆಯವರು. ಹುಷಾರಾಗ್ತಾಳೆ, ಹುಷಾರಾಗ್ತಾಳೆ ಅಂತ ಕೊನೆ ದಿನದವರೆಗೂ ಹೇಳಿದ್ರು. ನಾನು ನಂಬ್ಕೊಂಡು, ಹಿಂದಿನ ದಿನ ಬಟ್ಟೆ ಒಗೆಯೋಕೆ ಅಂತ ಮನೆಗೆ ಬಂದೆ. ಗೊತ್ತಿದ್ದಿದ್ರೆ ಬರ್ತಿದ್ನಾ ಟೀಚರ್? ಗೊತ್ತಿದ್ದಿದ್ರೆ ಒಂದು ಗಳಿಗೆ ಬಿಟ್ಟು ಬರ್ತಿದ್ನಾ?”

ಟೀಚರ್ ಅಳತೊಡಗಿದರು. ತಾಯಿ ಅಳಲಿಲ್ಲ.

“ಅವಳಿಗೆ ನಾನೇ ಹೇಳ್ತೀನಿ. ನನ್ನ ಮಗಳಿಗೆ ನಾನು ಸುಳ್ಳು ಹೇಳಲ್ಲ.”

ಮುಂದಿನ ಕ್ಲಬ್ಬಿನ ದಿನ ಟೀಚರ್ ಹುಡುಗಿಯರೆದುರು ಎಲ್ಲವನ್ನೂ ಒಪ್ಪಿಕೊಂಡರು. ಉಗ್ರಾಣ, ಚೀಲ, ತಾವು ಬರೆದ ಉತ್ತರ, ಯಾವುದನ್ನೂ ಮುಚ್ಚಿಡಲಿಲ್ಲ. ಒಬ್ಬಳು, “ಹಾಗಾದ್ರೆ ಒಂದನ್ನೂ ಯಾರೂ ಹಾಕ್ಕೊಳ್ಳಲೇ ಇಲ್ವಾ ಮಿಸ್?” ಎಂದಳು. “ಇಲ್ಲ” ಎಂದರು ಟೀಚರ್. ಅದರ ಮುಂದಿನ ವಾರ ನಾಲ್ವರು ಬಂದರು, ಆಮೇಲೆ ಇಬ್ಬರು. ಹೇಳಬೇಡಿ ಎಂದರೂ ಹೇಳಿದಿರಲ್ಲ ಎಂದು ಹೆಡ್‌ಮಿಸ್ಸು ಸಿಟ್ಟಾಗಿ ಕೋಣೆಯನ್ನು ಹಳೆಯ ಬೆಂಚುಗಳನ್ನಿಡಲು ಕೊಟ್ಟರು.

ಸಾಸಿವೆ ಶಾಲೆಗೆ ಬರುತ್ತಿದ್ದಳು. ಟೀಚರ್ ಎದುರಾದರೆ ಗೋಡೆ ಪಕ್ಕ ಸರಿದು ದಾರಿ ಬಿಡುತ್ತಿದ್ದಳು, ಅಷ್ಟೇ. ಮನೆಗೆ ಹೋಗಿ ಕ್ಷಮೆ ಕೇಳೋಣವೆಂದು ಟೀಚರ್ ಎರಡು ಸಲ ಅವರ ಬೀದಿಯವರೆಗೆ ಹೋದರು. ಎರಡನೆಯ ಸಲ ಬಾಗಿಲು ತಟ್ಟಿದರು. ತಂದೆ ಬಾಗಿಲು ತೆರೆದರು. “ನನ್ನ ಹೆಂಡತಿ ಮತ್ತೆ ಮಲಗಿಬಿಟ್ಟಿದ್ದಾಳೆ. ಎಬ್ಬಿಸೋಕೆ ನನ್ನ ಕೈಲಾಗಲ್ಲ” ಎಂದರು. ಒಳಗೆ ಕರೆಯಲಿಲ್ಲ. ಹಿಂದುಗಡೆ ನಡುಮನೆಯಲ್ಲಿ ಸಾಸಿವೆ ಪುಸ್ತಕ ಹರಡಿಕೊಂಡು ಲೆಕ್ಕ ಮಾಡುತ್ತಿದ್ದಳು.

“ಯಾರಪ್ಪಾ?” ಎಂದು ಕೇಳಿದಳು.

ತಂದೆ ಉತ್ತರಿಸುವ ಮೊದಲೇ ಅವಳು ತಲೆಯೆತ್ತಿ ನೋಡಿದಳು. ನೋಡಿ, ಮತ್ತೆ ಲೆಕ್ಕಕ್ಕೆ ಬಗ್ಗಿದಳು.

ಟೀಚರ್ ತಂದೆಗೆ ನಮಸ್ಕಾರ ಹೇಳಿ ಮೆಟ್ಟಿಲಿಳಿದರು. ಬೀದಿಯ ತುದಿಯಲ್ಲಿ ಅವರ ಬಸ್ಸು ಬಂದು ನಿಂತಿತ್ತು. ಅವರು ಹತ್ತಲಿಲ್ಲ. ಅದು ಹೋದ ಮೇಲೂ ಬಹಳ ಹೊತ್ತು, ಎಲ್ಲಿಗೆ ಹೋಗಬೇಕೆಂದು ಹೊಳೆಯದವರ ಹಾಗೆ, ಅಲ್ಲೇ ನಿಂತಿದ್ದರು.